ಮೂರನೆಯ ಪರದೆ

ಆದವಾನಿಯಲ್ಲಿ ನನ್ನ ಹೆಸರು ಕೆಡಿಸಿದವನು ಅದನ್ನು ಜನರ ಎದುರಿಗೆ ಕೆಡಿಸಿದ್ದ. ಆದ್ದರಿಂದ ತಿರುಗಿ ಕೊಡುವಾಗಲೂ ಜನ ಇರಬೇಕೆಂದು ನಾನು ಅದೇ ದಿನ ತೀರ್ಮಾನಿಸಿದೆ. ಮನೆಗೆ ಬಂದು, ಬಾಗಿಲು ಮುಚ್ಚಿಕೊಂಡು, ಕಾಲು ಹಿಡಿದಿದ್ದರೂ ಒಪ್ಪುತ್ತಿರಲಿಲ್ಲ. ವಯಸ್ಸಾದ ಮೇಲೆ ಕ್ಷಮಿಸುವುದನ್ನು ಕಲಿಯಬೇಕು ಎಂದು ನನ್ನ ತಂಗಿ ಹೇಳುತ್ತಿರುತ್ತಾಳೆ. ಕಲಿಯಲು ಆಕೆಗೆ ಬೇಕಾದಷ್ಟು ಹೊತ್ತಿದೆ. ನನಗೆ ಬೇರೆ ಕೆಲಸವಿತ್ತು.

ನಾನು ಹುಟ್ಟಿದ್ದು ಕೋಸಗಿಯಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿದ ಮೇಲೆ ಆದವಾನಿಯೇ ಊರಾಯಿತು. ಪಾಳಿಗೆ ಬಂದವಳು ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು, ಹಿಂದಿನ ಪಾಳಿಯವಳ ಮಾತನ್ನು ನಿಂತು ಕೇಳಬೇಕು, ಕೆಟ್ಟ ಲೈನು ಹುಡುಕುವಾಗ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಲೈನು ಸರಿಹೋದರೆ ಕೆಟ್ಟಿದ್ದು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮೇಲಧಿಕಾರಿ ಇದನ್ನು ಬೈದೇ ಕಲಿಸಿದರು. ನಿವೃತ್ತಿಯಾದ ಮೇಲೂ ನಾನು ಏಳುವುದು, ನಡೆಯುವುದು, ಉಣ್ಣುವುದು ಅದೇ ಗೆರೆಯ ಮೇಲೆ. ಮನೆಯಲ್ಲಿ ಚಮಚ ಕೂಡ ತನ್ನ ಜಾಗ ಬಿಟ್ಟು ಮಲಗುವುದಿಲ್ಲ.

ನಿವೃತ್ತಿಯ ಮೇಲೆ ಕಂಪ್ಯೂಟರಿನ ರಿಪೇರಿ ಹಿಡಿದೆ, ಅದರಲ್ಲಿ ನನಗೆ ಒಲಿದದ್ದು ಪರದೆ ಒಂದೇ. ಪೆಟ್ಟಿಗೆಯ ಬೇರೆ ರೋಗಗಳಿಗೆ ಊರಲ್ಲಿ ಬೇರೆಯವರಿದ್ದಾರೆ. ಚಿತ್ರ ಬರುತ್ತಿಲ್ಲ, ಬಂದದ್ದು ನಿಲ್ಲುತ್ತಿಲ್ಲ, ಬಣ್ಣ ಕೆಟ್ಟಿದೆ, ಅಕ್ಷರ ಅಡ್ಡಡ್ಡ ಉಬ್ಬಿದೆ ಎಂದರೆ ನನ್ನನ್ನು ಕರೆಯುತ್ತಿದ್ದರು. ಇಲ್ಲಿನ ಪರದೆಗಳ ಕಾಯಿಲೆಯೂ ಇಲ್ಲಿನದೇ. ಹತ್ತಿಯ ನಾರು ಗಾಳಿಯಲ್ಲಿ ತೇಲಿ ಬಂದು, ಪರದೆಗೆ ಚಿತ್ರ ಕಳಿಸುವ ವಿಡಿಯೊ ಕಾರ್ಡಿನ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಕಾರ್ಡು ಬಿಸಿಯಾಗುತ್ತದೆ, ಪರದೆಯ ಮೇಲೆ ಚೌಕ ಚೌಕದ ಕಲೆ ಏಳುತ್ತದೆ. ಮಾನಿಟರು ಹೋಯಿತೆಂದು ಜನ ಹೊಸದನ್ನು ತರುತ್ತಾರೆ, ಕಲೆ ಅದರಲ್ಲೂ ಬರುತ್ತದೆ. ಬಣ್ಣ ಬಳಿಯುವ ಮೆತ್ತನೆಯ ಕುಂಚದಿಂದ ನಾರು ತೆಗೆದರೆ ಮುಗಿಯಿತು. ಮದುವೆಯ ಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಪರದೆಯ ಮೇಲಿನ ಮದುಮಕ್ಕಳೆಲ್ಲ ಹಳದಿಯಾಗಿದ್ದರು. ಹಳೆಯ ಮಾದರಿಯ ಪ್ಲಗ್ಗಿನಲ್ಲಿ ನೀಲಿ ಬಣ್ಣವನ್ನು ತರುವ ಸೂಜಿಯೊಂದು ಬಗ್ಗಿ ಕೂತಿತ್ತು, ನೀಲಿ ಹೋಗಿ ಹಳದಿ ಉಳಿದಿತ್ತು. ನಾನು ಅದನ್ನು ಪಿನ್ನಿನ ಮೊನೆಯಿಂದ ನೆಟ್ಟಗೆ ಮಾಡುವಾಗ ಅಂಗಡಿಯವನು, "ಬಂದ ಮಂದಿ ಎಲ್ಲಾ ಅರಿಶಿಣ ಅಂತ ತಿಳ್ಕೊಂಡ್ರು ಬಿಡ್ರಿ, ಒಬ್ರೂ ಕೇಳ್ಲಿಲ್ಲ" ಎಂದ.

ಕಾರ್ಡಿಗೂ ಮಾನಿಟರಿಗೂ ಜೋಡಿ ಕೂಡಿಸುವುದು ಮತ್ತೊಂದು ಕೆಲಸ. ಪ್ಲಗ್ಗು ಒಳಗೆ ಹೋದ ಮಾತ್ರಕ್ಕೆ ಜೋಡಿಯಾಗುವುದಿಲ್ಲ. ಆ ಕಾರ್ಡು ಅಷ್ಟು ದೊಡ್ಡ ಚಿತ್ರ ಎಳೆಯುತ್ತದೆಯೇ, ಆ ವೇಗಕ್ಕೆ ಮಾನಿಟರು ಒಪ್ಪುತ್ತದೆಯೇ, ಒಮ್ಮೆಗೆ ಎಷ್ಟು ಪರದೆ ಹೊರುತ್ತದೆ ಎಂದು ನೋಡಬೇಕು. ಈ ಕೊನೆಯ ಮಾತಿನ ಮೇಲೆಯೇ ನನ್ನ ಹೆಸರು ಹೋಯಿತು.

ಊರಾಚೆ ಒಂದು ಜಿನ್ನಿಂಗ್ ಪ್ರೆಸ್ಸಿದೆ. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಒತ್ತಿ, ಬೇಲು ಎನ್ನುವ ದೊಡ್ಡ ಮೂಟೆ ಕಟ್ಟುವ ಜಾಗ. ಹತ್ತಿಯ ರಾಶಿಯಲ್ಲಿ ಹೊಗೆ ಎದ್ದರೆ ಕೂಡಲೇ ಕಾಣಲೆಂದು ಅಲ್ಲಿ ಕ್ಯಾಮೆರಾದ ಕೋಣೆ ಮಾಡಿದ್ದರು. ಅಲ್ಲಿನ ಎರಡು ಪರದೆಗಳನ್ನು ನಾನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೆ. ನಾಗಲದಿನ್ನೆ ಕಡೆಯವರಾದ ಮ್ಯಾನೇಜರು ಒಂದು ದಸರೆಯಾದ ಮೇಲೆ ಹಳೆಯ ಎರಡರ ಜಾಗಕ್ಕೆ ಮೂರು ಹೊಸ ಮಾನಿಟರು ತರಿಸಿದರು. ಕೊಟ್ಟವನು ನಮ್ಮ ಬೀದಿಯವನೇ, ಪಕ್ಕದ ಮನೆಯಾಕೆಯ ಮಗ, ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟವನು. ನನ್ನನ್ನು ಅತ್ತೆ ಎಂದು ಕರೆಯುತ್ತಾನೆ. ದಡ್ಡನಲ್ಲ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

"ಹಳೇ ಕಾರ್ಡಿಗೇ ಮೂರೂ ಹತ್ತತಾವ್ರಿ, ಮೂರು ಪೋರ್ಟು ಐತಿ ನೋಡ್ರಿ" ಎಂದು ಅವನು ಮ್ಯಾನೇಜರರಿಗೆ ಹೇಳಿ ಮಾಲು ಕೊಟ್ಟಿದ್ದ.

ಕಾರ್ಡಿನ ಹಿಂಭಾಗದಲ್ಲಿ ಮೂರು ಪೋರ್ಟುಗಳಿದ್ದದ್ದು ನಿಜ. ಆದರೆ ಆ ಕಾಲದ ಕಾರ್ಡು ಒಮ್ಮೆಗೆ ಎರಡಕ್ಕೆ ಮಾತ್ರ ಚಿತ್ರ ಕಳಿಸುತ್ತದೆ. ಯಾವ ಎರಡಾದರೂ ಸರಿ, ಮೂರನೆಯದಕ್ಕೆ ಕತ್ತಲೆ. ನಾನು ಮುಂಚೆಯೇ ಹೇಳಿದೆ. ಅವನು ನಕ್ಕ. ಜೋಡಿಸಿದ ಮೇಲೆ ಮೂರನೆಯ ಪರದೆ ಹತ್ತಲಿಲ್ಲ. ಮ್ಯಾನೇಜರು, ಕಾವಲಿನವನು, ತೂಕದ ಗುಮಾಸ್ತ, ಹತ್ತಿ ತಂದಿದ್ದ ಒಬ್ಬ ದಲಾಲರು, ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಅವನು ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅದರ ತಗಡಿನ ಮೇಲೆ ಆಯುಧಪೂಜೆಯ ಕುಂಕುಮದ ಬೊಟ್ಟು ಒಣಗಿಕೊಂಡಿತ್ತು. ಅವನ ಕಣ್ಣು ಅದರ ಮೇಲೆ ನಿಂತಿತು.

"ಅಯ್ಯ, ಕುಂಕುಮದ ನೀರು ಒಳಗ ಹೋಗೈತಿ. ಪೋರ್ಟು ಸುಟ್ಟೈತ್ರಿ. ಪೂಜಿ ದಿನ ಇದನ್ನ ಒರಿಸಿದವರು ಯಾರು?"

ಒರೆಸಿದವಳು ನಾನು. ಅದು ಎಲ್ಲರಿಗೂ ಗೊತ್ತಿತ್ತು.

"ಅತ್ತಿದೇನು ತಪ್ಪಿಲ್ರಿ, ವಯಸ್ಸಾತು. ಕಣ್ಣು ಕಾಣಂಗಿಲ್ಲ, ಕೈ ನಡಗತೈತಿ. ನಾವಾ ತಿಳ್ಕೊಂಡು ಕೆಲಸ ಬಿಡಿಸಬೇಕು" ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ನಿಂತವರೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನಮ್ಮಲ್ಲಿ ಆ ಹಬ್ಬದ ದಿನ ಅರಿಶಿಣ ಕುಂಕುಮವನ್ನು ನೀರಲ್ಲಿ ಕಲಸಿ ಬಸ್ಸು, ತಕ್ಕಡಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಹಚ್ಚುತ್ತಾರೆ. ಆದ್ದರಿಂದ ಆ ಮಾತು ಎಲ್ಲರಿಗೂ ಥಟ್ಟನೆ ಸರಿ ಎನಿಸಿತು. ನಾನು ಮಾತ್ರ ಯಾವ ಯಂತ್ರಕ್ಕೂ ಹಸಿ ಬೊಟ್ಟು ಇಡುವುದಿಲ್ಲ, ಎಲೆಯ ಮೇಲೆ ಇಟ್ಟು ಎಲೆಯನ್ನು ಪಕ್ಕದಲ್ಲಿಡುತ್ತೇನೆ. ಪ್ರೆಸ್ಸಿನಲ್ಲಿ ತಟ್ಟೆ ಹಿಡಿದುಕೊಂಡು ಕಂಡಕಂಡದ್ದಕ್ಕೆಲ್ಲ ಬೊಟ್ಟು ಇಡುತ್ತ ಬಂದವರು ಮ್ಯಾನೇಜರರೇ. ಅದನ್ನು ಅವರ ಮುಖದ ಮುಂದೆ ಹೇಳುವುದು ಹೇಗೆ? ಅವರಿಗೆ ಅದು ನೆನಪೂ ಇರಲಿಲ್ಲ.

"ಒಂದು ವಯರು ತಗದು ತೋರಸ್ತೀನಿ. ಎರಡನೇದು ತಗದ್ರ ಮೂರನೇದು ಹತ್ತತೈತಿ. ಪೋರ್ಟು ಸುಟ್ಟಿಲ್ಲ" ಎಂದೆ.

ಅವನು ಪೆಟ್ಟಿಗೆಗೆ ಅಡ್ಡ ನಿಂತ. "ಬ್ಯಾಡ್ರಿ ಅತ್ತಿ, ಇರೋವೂ ಹೋಗತಾವ."

ಮ್ಯಾನೇಜರು ಹೆದರಿದರು. ಅಂಗಳದಲ್ಲಿ ಹತ್ತಿಯ ಲಾರಿಗಳು ಸಾಲುಗಟ್ಟಿದ್ದವು. "ಅಮ್ಮಾ, ಸೀಜನ್ ಶುರು ಆಗೈತಿ. ಇರೋ ಎರಡೂ ಹ್ವಾದ್ರ ನನ್ನ ಗತಿ ಏನ್ರಿ? ಮೀರು ಇಂಟಿಕಿ ವೆಳ್ಳಂಡಿ. ಮನಿಗಿ ಹೋಗಿ ಆರಾಮ ಇರ್ರಿ."

ನಾನು ಕುಂಚ, ಟಾರ್ಚು, ಸ್ಕ್ರೂಡ್ರೈವರುಗಳನ್ನು ಅವುಗಳ ಚೀಲದ ಗೂಡುಗಳಲ್ಲಿ ಒಂದೊಂದಾಗಿ ಇಟ್ಟು, ಗುಂಡಿ ಹಾಕಿ, ಹೊರಗೆ ಬಂದೆ. ಅವಸರ ಮಾಡಲಿಲ್ಲ. ಮೂರನೆಯ ಪರದೆಗಾಗಿ ಅವನು ಮ್ಯಾನೇಜರರಿಗೆ ಇನ್ನೊಂದು ಕಂಪ್ಯೂಟರನ್ನೇ ಮಾರಿದನೆಂದು ಆಮೇಲೆ ಕೇಳಿದೆ.

ಸುದ್ದಿ ಆಟೊಗಿಂತ ಬೇಗ ಊರು ಸುತ್ತಿತು. ಮದುವೆ ಪತ್ರಿಕೆಯ ಅಂಗಡಿಯವನು ಕರೆಯುವುದನ್ನು ಬಿಟ್ಟ. ನನ್ನ ಇನ್ನೊಬ್ಬ ಗಿರಾಕಿ, ಫೋಟೊ ಸ್ಟುಡಿಯೊದವನು, ದಾರಿಯಲ್ಲಿ ಸಿಕ್ಕರೆ ನನ್ನ ಕಣ್ಣಿನ ಆರೋಗ್ಯ ವಿಚಾರಿಸಿದ. ಒಬ್ಬಾಕೆ ಕರ್ನೂಲಿನ ಒಳ್ಳೆಯ ಕಣ್ಣಿನ ಡಾಕ್ಟರರ ವಿಳಾಸ ಕೊಟ್ಟಳು. ನಾನು ತೆಗೆದುಕೊಂಡೆ, ಮನೆಗೆ ಬಂದು ಒಲೆಗೆ ಹಾಕಿದೆ. ದುಡಿಮೆ ನಿಂತದ್ದಕ್ಕೆ ನಾನು ಕೊರಗಲಿಲ್ಲ, ಪಿಂಚಣಿ ಬರುತ್ತದೆ. ನನ್ನ ಕೈಗೆ ಬಂದ ವಸ್ತುವನ್ನು ನಾನು ಕೆಡಿಸಿದೆ ಎಂಬ ಮಾತು ಊರಲ್ಲಿ ಓಡಾಡಿಕೊಂಡಿತ್ತು. ಅದು ನಿಲ್ಲಬೇಕಿತ್ತು, ಅವನ ಬಾಯಿಂದಲೇ ನಿಲ್ಲಬೇಕಿತ್ತು.

ದ್ವೇಷಕ್ಕೂ ಶಿಸ್ತು ಬೇಕು. ಬೆಳಗಿನ ನಡಿಗೆಯನ್ನು ನಾನು ಬಸ್‌ಸ್ಟ್ಯಾಂಡಿನ ದಾರಿಗೆ ತಿರುಗಿಸಿಕೊಂಡೆ. ಅವನ ಅಂಗಡಿಯ ಎದುರಿಗೆ ನಿಂತು ಒಂದು ಲೋಟ ನೀರು ಕುಡಿಯುತ್ತಿದ್ದೆ. ಅವನು ಶಟರು ಎತ್ತುವಾಗ ನಾನು ಕಾಣಬೇಕು, ಅಷ್ಟೇ. ಮೊದಲು "ನಮಸ್ಕಾರ ಅತ್ತಿ" ಎನ್ನುತ್ತಿದ್ದವನು ಬರಬರುತ್ತ ನನ್ನ ಕಡೆ ತಿರುಗದೆಯೇ ಶಟರು ಎತ್ತಿ ಒಳಗೆ ಹೋಗಲು ಕಲಿತ. ದಿನವೂ ಬೆನ್ನ ಹಿಂದೆ ನಿಂತವರ ಕಡೆ ಒಮ್ಮೆಯೂ ತಿರುಗದೆ ಇರುವುದು ಸುಲಭವಲ್ಲ, ಬೇಕಾದರೆ ಪ್ರಯತ್ನಿಸಿ ನೋಡಿ. ನನಗೆ ಸಂತೋಷವಾಗುತ್ತಿತ್ತು. ಅವನ ಅಂಗಡಿಯ ಮುಂದಿನ ಮಿನುಗು ದೀಪದ ಬೋರ್ಡಿನಲ್ಲಿ ಒಂದು ಸಾಲು ಆರಿಹೋಗಿತ್ತು. ಒಳಗಿನಿಂದ ಅವನಿಗೆ ಅದು ಕಾಣುವುದಿಲ್ಲ. ನಾನು ಹೇಳಲಿಲ್ಲ.

ಮತ್ತೆ ದಸರೆ ಬಂತು. ಅವನು ಅಂಗಡಿಯನ್ನು ದೊಡ್ಡದು ಮಾಡಿ ಆಯುಧಪೂಜೆಯ ದಿನವೇ ಹೊಸ ಶೋರೂಮು ತೆರೆಯುತ್ತಾನೆಂದು ಸುದ್ದಿಯಾಯಿತು. ಅವನ ತಾಯಿ ಕುಂಕುಮದ ಬಟ್ಟಲು ಹಿಡಿದು ನನ್ನನ್ನು ಕರೆಯಲು ಬಂದಳು. ಆಕೆಗೆ ಪ್ರೆಸ್ಸಿನ ವಿಷಯ ಪೂರಾ ಗೊತ್ತಿರಲಿಲ್ಲ.

"ಬರಬೇಕ್ರಿ ಅಕ್ಕಾ. ಊರ ದೊಡ್ಡ ಮಂದಿ ಎಲ್ಲಾ ಬರತಾರ. ಪ್ರೆಸ್ಸಿನ ಮ್ಯಾನೇಜರ್ರು ಬಟನ್ ಒತ್ತತಾರ."

"ಬರತೀನಿ" ಎಂದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಹೋದೆ. ಏನು ಮಾಡಬೇಕೆಂದು ನಿರ್ಧರಿಸಿರಲಿಲ್ಲ. ಜನ ಇರುತ್ತಾರೆ, ಮ್ಯಾನೇಜರರಿರುತ್ತಾರೆ, ಅಷ್ಟು ಸಾಕಾಗಿತ್ತು.

ಗೋಡೆಯ ಮೇಲೆ ಬಾಗಿಲಿನಷ್ಟು ಅಗಲದ ಪರದೆ. ಕೆಳಗೆ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣಬಣ್ಣದ ದೀಪ ಉರಿಯುವ ದೊಡ್ಡ ವಿಡಿಯೊ ಕಾರ್ಡು. ಪೆಟ್ಟಿಗೆಗೆ ಚೆಂಡುಹೂವಿನ ಹಾರ, ಎದುರಿಗೆ ಕುಂಬಳಕಾಯಿ, ನಿಂಬೆಹಣ್ಣು, ದೀಪ. ಮನೆಯ ಹೆಂಗಸರು ವಯರುಗಳನ್ನೆಲ್ಲ ಬಿಚ್ಚಿ, ಪ್ರತಿಯೊಂದನ್ನೂ ಒರೆಸಿ, ಬೊಟ್ಟಿಟ್ಟು, ಮತ್ತೆ ಸಿಕ್ಕಿಸಿದ್ದರೆಂದು ತಾಯಿ ಹೆಮ್ಮೆಯಿಂದ ಹೇಳಿದಳು. ನನಗೆ ಗೋಡೆಯ ಪಕ್ಕದ ಕುರ್ಚಿ ಸಿಕ್ಕಿತು. ಅಲ್ಲಿಂದ ಮೇಜಿನ ಸಂದಿಯಲ್ಲಿ ಪೆಟ್ಟಿಗೆಯ ಹಿಂಭಾಗ ಕಾಣುತ್ತಿತ್ತು. ನೋಡಿದೆ. ಪರದೆಯ ವಯರು ಮೇಲಿನ ಪೋರ್ಟಿನಲ್ಲಿತ್ತು, ಮೌಸು ಕೀಬೋರ್ಡುಗಳ ಸಾಲಿನಲ್ಲಿ. ಕೆಳಗೆ ಕಾರ್ಡಿನ ಪೋರ್ಟುಗಳಿಗೆಲ್ಲ ಕಪ್ಪು ರಬ್ಬರಿನ ಟೊಪ್ಪಿಗೆ ಹಾಕಿ ಮುಚ್ಚಿದ್ದರು.

ಆಟಕ್ಕೆಂದು ಕಟ್ಟಿದ ಅಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಚಿತ್ರ ಬರುವುದು ಕಾರ್ಡಿನಿಂದ ಮಾತ್ರ, ಮೇಲಿನ ಪೋರ್ಟು ಸತ್ತಂತೆಯೇ. ಇದೂ ಅಂಥದೇ ಎಂದು ನನಗೆ ಅನ್ನಿಸಿತು. ಕೊಟ್ಟಿದ್ದ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನುತ್ತ ಕೂತೆ.

ಮಂಗಳಾರತಿ ಮುಗಿಯಿತು. ಮ್ಯಾನೇಜರು ಬಟನ್ ಒತ್ತಿದರು. ಗಾಜಿನೊಳಗೆ ಬಣ್ಣದ ದೀಪಗಳು ಹತ್ತಿದವು, ಫ್ಯಾನುಗಳು ತಿರುಗಿದವು, ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಸಣ್ಣ ಅಕ್ಷರ ಬಂದು ಅದೂ ಆರಿತು. ಜನ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡರು. ಪ್ರೆಸ್ಸಿನಲ್ಲಿ ಅವತ್ತು ಬಾಗಿಲಲ್ಲಿ ನಿಂತಿದ್ದ ದಲಾಲರೂ ಬಂದಿದ್ದರು.

"ಏಂ ಸಾಮೀ, ಬೊಮ್ಮ ಪಡ್ಲೇದಾ? ಚಿತ್ರ ಬೀಳಲಿಲ್ಲೇನಪಾ? ಸಿನಿಮಾ ಚಾಲೂ ಆಗೂದ್ರಾಗ ಇಂಟರ್ವಲ್ ಬಂತೇನು?" ಎಂದರು ಅವರು. ಎಲ್ಲರೂ ನಕ್ಕರು.

ಅವನು ಮತ್ತೆ ಒತ್ತಿದ, ಆರಿಸಿದ, ಹಚ್ಚಿದ. ರಿಮೋಟು ತಿಕ್ಕಿದ. ಪೆಟ್ಟಿಗೆಯನ್ನು ಮುಂದಕ್ಕೆ ಎಳೆಯಲು ಕೈ ಹಾಕಿದನೋ ಇಲ್ಲವೋ ತಾಯಿ ಕೂಗಿದಳು.

"ಏ, ಮುಟ್ಟಬ್ಯಾಡ! ಪೂಜಿಗಿ ಕುಂದರಿಸಿದ್ದು ಇವತ್ತು ಜಾಗ ಬಿಟ್ಟು ಕದಲಬಾರದು. ಗೊತ್ತಿಲ್ಲೇನು ನಿನಗ?"

"ಹಿಂದ ನೋಡಬೇಕವ್ವಾ."

"ಮುಂದಿನಿಂದ ನೋಡು. ರಾಹುಕಾಲ ಬಂತು, ಲಗೂನ ಮಾಡು."

ಆಯುಧಪೂಜೆಗೆ ಕೂರಿಸಿದ ಸಾಮಾನನ್ನು ಮರುದಿನದವರೆಗೆ ಅಲುಗಾಡಿಸುವಂತಿಲ್ಲ. ರಾಹುಕಾಲ ಹತ್ತಿದ ಮೇಲೆ ಹೊಸ ಅಂಗಡಿ ತೆರೆಯುವಂತಿಲ್ಲ. ಎರಡರ ನಡುವೆ ಅವನು ಬೆವೆತು ನಿಂತಿದ್ದ. ಮ್ಯಾನೇಜರು ಗೋಡೆಯ ಗಡಿಯಾರ ನೋಡಿದರು. ಆಗ ತಾಯಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನೀವರ ನೋಡ್ರೀ ಒಂದೀಟು. ಇದಾ ಕೆಲಸ ಅಲ್ಲೇನ್ರಿ ನಿಮ್ಮದು?"

ಇಡೀ ವರ್ಷ ನಾನು ಎಷ್ಟೋ ಮಾತುಗಳನ್ನು ಹೊಸೆದಿಟ್ಟುಕೊಂಡಿದ್ದೆ. ಅವುಗಳಲ್ಲಿ ಒಂದೂ ಬೇಕಾಗಲಿಲ್ಲ.

"ನನಗ ಕಣ್ಣು ಕಾಣಂಗಿಲ್ಲಬೇ. ನಾ ಹೇಳೂದಲ್ಲ, ನಿನ್ನ ಮಗನಾ ಹೇಳ್ಯಾನ. ಮ್ಯಾನೇಜರ್ರನ್ನ ಕೇಳು. ಅದಲ್ದ ನೀನು ಈಗರ ಕುಂಕುಮ ಹಚ್ಚೀದಿ, ನನ್ನ ಕೈ ಹಸಿ ಐತಿ. ಏನರ ಸುಟ್ಟ್ರ?"

ಮ್ಯಾನೇಜರು ತಲೆ ಎತ್ತಿದರು. ಅವನು ನನ್ನ ಕುರ್ಚಿಯ ಹತ್ತಿರ ಬಂದು ಬಗ್ಗಿದ. "ಅತ್ತಿ, ಎಲ್ಲಾರ ಮುಂದ ಬ್ಯಾಡ್ರಿ. ಆಮ್ಯಾಲ ಮನಿಗಿ ಬರತೀನಿ."

"ಮನಿಗಿ ಬರಬ್ಯಾಡ. ಅವತ್ತು ಎಲ್ಲಾರ ಮುಂದ ಅಂದೀದಿ, ಇವತ್ತೂ ಎಲ್ಲಾರ ಮುಂದ ಅನ್ನು. ಪ್ರೆಸ್ಸಿನ ಕಾರ್ಡು ನಾ ಕೆಡಸಿಲ್ಲ ಅನ್ನು. ಹಿಂದ ಏನಾಗೈತಿ ಅಂತ ನಾ ಹೇಳತೀನಿ."

ಅವನ ಕಣ್ಣು ಮೇಜಿನ ಸಂದಿಯ ಕಡೆ ಹೋಯಿತು. ಅದು ನನಗೆ ಗೊತ್ತಾಯಿತು. ಚುರುಕಿನವನು, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಕಂಡುಹಿಡಿಯುತ್ತಾನೆ, ಆಗ ನನಗೆ ಏನೂ ಸಿಗುವುದಿಲ್ಲ. ನಾನು ಕುರ್ಚಿಯನ್ನು ಸರಿಸಿ ಸಂದಿಗೆ ಅಡ್ಡವಾಗಿ ಕೂತೆ. ಸೀರೆಯ ಸೆರಗನ್ನು ಇನ್ನಷ್ಟು ಅಗಲ ಮಾಡಿದೆ.

"ರಾಹುಕಾಲ!" ಎಂದಳು ತಾಯಿ. "ಏನದು ಅನ್ನೂದು, ಅಂದು ಬಿಡಪಾ! ನಿನ್ನ ಬಾಯಿ ಸವಿತೈತೇನು?"

ಅವನು ನೆಟ್ಟಗೆ ನಿಂತು ಮ್ಯಾನೇಜರರ ಕಡೆ ನೋಡಿ ತೆಲುಗಿನಲ್ಲಿ ಏನೋ ಗೊಣಗಿದ.

"ಅವತ್ತು ಕನ್ನಡದಾಗ ಅಂದೀದಿ" ಎಂದೆ. "ಜೋರಾಗಿ."

"ಹ್ವಾದ ವರ್ಷ ಪ್ರೆಸ್ಸಿನ್ಯಾಗ ಅತ್ತಿ ಕಾರ್ಡು ಕೆಡಸಿಲ್ಲ" ಎಂದ.

ಅಷ್ಟಕ್ಕೆ ನಿಲ್ಲಿಸಿದ್ದರೆ ಅವನು ಬಚಾವಾಗುತ್ತಿದ್ದ. ನಾನು ಕೇಳಿದ್ದೂ ಅಷ್ಟೇ. ಆದರೆ ದಲಾಲರು ನಗುತ್ತ, "ಅಂದ್ರ ನಿನಗಾ ತಿಳೀಲಿಲ್ಲೇನಪಾ ಅದರ ಕತಿ? ಇಷ್ಟು ದೊಡ್ಡ ಶೋರೂಮು ಇಟ್ಟೀದಿ!" ಎಂದರು. ಅವನಿಗೆ ಅದನ್ನು ನುಂಗಲಾಗಲಿಲ್ಲ. ಹೊಸ ಅಂಗಡಿಯ ದಿನ, ಬಂದ ಗಿರಾಕಿಗಳ ಮುಂದೆ, ತಿಳಿಯದವನೆಂದು ಅನ್ನಿಸಿಕೊಳ್ಳುವುದು ಅವನಿಗೆ ಆಗದು.

"ತಿಳೀದ ಏನ್ರಿ? ಆ ಕಾರ್ಡು ಎರಡಾ ಪರದೆ ಹೊರತೈತಿ. ಹಚ್ಚಿದ ಕೂಡ್ಲೇ ನನಗ ಗೊತ್ತಾತು."

ಮ್ಯಾನೇಜರು ಗಡಿಯಾರದಿಂದ ಕಣ್ಣು ತೆಗೆದು ಅವನನ್ನು ನೋಡಿದರು.

ಅವನು ತಪ್ಪು ತಿಳಿದಿದ್ದಾನೆ, ತಪ್ಪನ್ನು ಮುಚ್ಚಲು ಬಾಯಿಗೆ ಬಂದದ್ದು ಅಂದಿದ್ದಾನೆ ಎಂದೇ ನಾನು ಅಷ್ಟು ದಿನ ಎಣಿಸಿದ್ದೆ. ಗೊತ್ತಿದ್ದೂ ಅಂದಿದ್ದ. ನನ್ನ ದ್ವೇಷ ಅವನಿಗೆ ಸಲ್ಲಬೇಕಾದಷ್ಟು ಇರಲಿಲ್ಲ, ಕಡಿಮೆಯೇ ಇತ್ತು.

ಮ್ಯಾನೇಜರು ನಿಧಾನವಾಗಿ ಕೇಳಿದರು. "ಗೊತ್ತಿತ್ತಾ? ಗೊತ್ತಿದ್ದು ನನಗ ಇನ್ನೊಂದು ಕಂಪ್ಯೂಟರ್ ಹಚ್ಚಿದ್ಯಾ? ಈ ಅಮ್ಮನ್ನ ಮನಿಗಿ ಕಳಿಸಿದೆ ನಾನು!"

ಅವನ ಮುಖ ಪರದೆಯ ಹಾಗೆಯೇ ಆಯಿತು. ತಾಯಿ ಆರತಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಗನನ್ನು ನೋಡಿದಳು. ಆಕೆ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು ಎಂದು ನನಗೆ ಗೊತ್ತು, ಆದ್ದರಿಂದ ಆಕೆ ಬೈಯದಿದ್ದದ್ದು ಒಳ್ಳೆಯದೇ ಆಯಿತು.

ನಾನು ಕುರ್ಚಿ ಸರಿಸಿದೆ. "ಪರದೆ ವಯರು ಮ್ಯಾಲಿನ ಪೋರ್ಟಿನ್ಯಾಗ ಐತಿ. ಕೆಳಗ ಕಪ್ಪು ಟೊಪ್ಪಿಗಿ ತಗದು ಅಲ್ಲಿ ಹಾಕು. ಪೆಟ್ಟಿಗಿ ಕದಲೂದಿಲ್ಲ, ಕೈಯಷ್ಟಾ ಹೋಗತೈತಿ."

ಅವನು ನೆಲದ ಮೇಲೆ ಅಡ್ಡ ಬಿದ್ದು ಸಂದಿಗೆ ಕೈ ತೂರಿಸಿದ. ಹೊಸ ಅಂಗಿಗೆ ಕುಂಬಳಕಾಯಿಯ ಕುಂಕುಮ ಬಳಿದುಕೊಂಡಿತು. ಪರದೆಯ ಮೇಲೆ ದೀಪದ ಚಿತ್ರ ಮೂಡಿತು. ರಾಹುಕಾಲ ಇನ್ನೂ ಹತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೋ ಅವರಿಗೇ ಗೊತ್ತು. ನಾನು ಎಲೆ ಅಡಿಕೆ ತೆಗೆದುಕೊಂಡು ನನ್ನ ಊಟದ ಹೊತ್ತಿಗೆ ಮನೆ ಮುಟ್ಟಿದೆ. ಅವತ್ತು ಎರಡು ಸಲ ಅನ್ನ ಹಾಕಿಕೊಂಡೆ.

ವಾರದೊಳಗೆ ಮ್ಯಾನೇಜರು ಫೋನು ಮಾಡಿದರು. ಹಿಂದಿನಂತೆ ಬಂದು ನೋಡಿಕೊಳ್ಳಬೇಕಂತೆ. ಒಪ್ಪಿದೆ, ಒಂದು ಷರತ್ತಿನ ಮೇಲೆ. ಆ ಎರಡನೆಯ ಕಂಪ್ಯೂಟರು ತೆಗೆದು ಮೂರೂ ಪರದೆಯನ್ನು ಹೊರುವ ಹೊಸ ಕಾರ್ಡು ಬೇಕು, ಅದು ಬರುವುದು ಅವನ ಅಂಗಡಿಯಿಂದಲೇ, ಹಾಕುವವನೂ ಅವನೇ, ಸರಿ ಇದೆಯೋ ಇಲ್ಲವೋ ಹೇಳುವವಳು ನಾನು. ಬೇರೆ ಅಂಗಡಿಯಿಂದ ತರಿಸೋಣ, ಅವನ ಮುಖ ನೋಡುವುದೇ ಬೇಡ ಎಂದರು ಅವರು. "ನನಗ ನೋಡಬೇಕೈತ್ರಿ" ಎಂದೆ.

ಅವನು ಬಂದ. ಬರದೆ ಇರಲು ಆಗುತ್ತಿರಲಿಲ್ಲ, ಶೋರೂಮಿನ ಸಾಲದ ಮೇಲೆ ಗಿರಾಕಿಯನ್ನು ಬಿಡುವವರಾರು? ಕಾರ್ಡು ಕೂರಿಸಿದ, ಮೂರು ವಯರು ಸಿಕ್ಕಿಸಿದ. ಗೇಟು, ಹತ್ತಿಯ ರಾಶಿ, ಬೇಲಿನ ಗೋದಾಮು, ಮೂರೂ ಮೂರು ಪರದೆಯಲ್ಲಿ ಹತ್ತಿದವು. ಬಾಗಿಲಲ್ಲಿ ಕಾವಲಿನವನೂ ತೂಕದ ಗುಮಾಸ್ತನೂ ನಿಂತಿದ್ದರು. ನಾನೇ ಕರೆದಿದ್ದೆ. ಮ್ಯಾನೇಜರು "ಆತಲ್ರಿ ಅಮ್ಮಾ" ಎಂದು ಎದ್ದರು.

ನಾನು ಹತ್ತಿರ ಹೋಗಿ ಒಂದೊಂದನ್ನೇ ನೋಡಿದೆ. ಗೋದಾಮಿನ ಚಿತ್ರದಲ್ಲಿ ಬಲಗಡೆಯ ಅಂಚು ಕಿರುಬೆರಳಿನಷ್ಟು ಹೊರಗೆ ಹೋಗಿತ್ತು. ಕಾರ್ಡು ಕಳಿಸುವುದಕ್ಕಿಂತ ತುಸು ಹಿಗ್ಗಿಸಿ ತೋರಿಸುವ ಚಾಳಿ ಕೆಲವು ಮಾನಿಟರುಗಳಿಗಿರುತ್ತದೆ.

"ಅಂಚು ಹೋಗೈತಿ" ಎಂದೆ.

"ಅಷ್ಟು ಹ್ವಾದ್ರ ಏನಾತ್ರಿ ಅತ್ತಿ, ಅಲ್ಲಿ ಬರೇ ಗೋಡಿ ಐತಿ."

"ಗೋಡೀನೂ ಕಾಣಬೇಕು."

ಆ ಮಾನಿಟರಿನ ಗುಂಡಿಗಳು ಹಿಂಬದಿಯಲ್ಲಿ ಕೆಳಗಡೆ ಇವೆ. ಮುಟ್ಟಬೇಕೆಂದರೆ ಮೊಣಕಾಲು ಊರಬೇಕು. ಅವನು ಊರಿದ. ನಾನು ಕುರ್ಚಿ ಎಳೆದುಕೊಂಡು ಕೂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಹೆಚ್ಚಾಯಿತು, ಮತ್ತೆ ಹಿಂದಕ್ಕೆ, ಎಂದು ಹೇಳುತ್ತ ಹೋದೆ. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಅಂಚನ್ನು ನಾನು ಬಿಟ್ಟುಬಿಡುತ್ತಿದ್ದೆ.